ಪಾರವ್ವ ಬರೆಸಿದ ಮೂರು ಸೊನ್ನೆ

ಪುಣೆಯ ಯೆರವಡಾದ ಆ ಕಟ್ಟಡಕ್ಕೆ ಲಿಫ್ಟ್ ಇದೆ. ಆದರೆ ಅದು ನಡೆದದ್ದನ್ನು ಅಲ್ಲಿ ಯಾರೂ ಕಂಡಿಲ್ಲ. ಪಾರವ್ವನ ಮನೆ ಮೂರನೇ ಮಜಲಿಯಲ್ಲಿ, ಅಂದರೆ ಮಹಡಿಯಲ್ಲಿ. ಮಗ ಮಾಂತು ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು ಶನಿವಾರ ಮಧ್ಯಾಹ್ನ ಮನೆಗೆ ಬರುತ್ತಾನೆ. ಅವನು ಬಂದದ್ದು ಪಾರವ್ವನಿಗೆ ಅಡಿಗೆಮನೆಯಿಂದಲೇ ಗೊತ್ತಾಗುತ್ತದೆ. ಕೆಳಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಶುರುವಾಗುತ್ತದೆ. ಮೊದಲನೇ ಮಜಲಿ ದಾಟುತ್ತದೆ. ಎರಡನೇ ಮಜಲಿಗೆ ಬಂದು ನಿಂತುಬಿಡುತ್ತದೆ.

ಅಲ್ಲಿ ಮಾಂತು ಕೂತುಕೊಳ್ಳುತ್ತಾನೆ. ಇಪ್ಪತ್ತೆಂಟು ವರ್ಷದ ಗಂಡುಮಗ, ಗೋಡೆಗೆ ಬೆನ್ನು ಕೊಟ್ಟು, ಬಾಯಿ ತೆರೆದು ಉಸಿರು ಎಳೆಯುತ್ತ ಕೂತಿರುತ್ತಾನೆ. ಯಾರಾದರೂ ಬಗ್ಗಿ ನೋಡಿದರೆ ಅವನಿಗೆ ನಾಚಿಕೆ. ಹಾಗಾಗಿ ಪಾರವ್ವ ನೋಡುವುದಿಲ್ಲ. ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಕಿವಿಯನ್ನು ಮೆಟ್ಟಿಲಿಗೆ ಕೊಟ್ಟು ನಿಲ್ಲುತ್ತಾಳೆ. ಮೊದಮೊದಲು ನೀರು ಕುದಿಯುವುದರೊಳಗೆ ಬೂಟಿನ ಸದ್ದು ಮತ್ತೆ ಶುರುವಾಗುತ್ತಿತ್ತು. ಈಗ ಚಹಾ ಕುದಿದು, ಸೋಸಿ, ಆರಿಹೋದರೂ ಅವನು ಮೇಲೆ ಬಂದಿರುವುದಿಲ್ಲ.

"ಹಾರ್ಟಿನ ತ್ರಾಸ," ಅನ್ನುತ್ತಾರೆ ಎಲ್ಲರೂ. "ಅಪ್ಪಂದು ಮಗಗ ಬಂದದ."

ಅಪ್ಪ ರಾಮಲಿಂಗಪ್ಪ ಹಡಪಸರದ ಒಂದು ಗೋದಾಮಿನಲ್ಲಿ ಕಾರಕೂನನಾಗಿದ್ದ. ಕರೋನಾದ ಎರಡನೇ ಅಲೆಯ ಏಪ್ರಿಲ್ ತಿಂಗಳಲ್ಲಿ, ಐವತ್ತೆರಡನೇ ವಯಸ್ಸಿಗೆ ತೀರಿಕೊಂಡ. ಮರಣದ ಚೀಟಿಯಲ್ಲಿ ಬರೆದದ್ದು ಹೃದಯಾಘಾತ. ಮುಂದೆ ಮಾಂತುಗೆ ದಮ್ಮು ಹತ್ತತೊಡಗಿದಾಗ ಡಾಕ್ಟರು ಮೊದಲು ಕೇಳಿದ್ದೇ, ಅಪ್ಪ ಏನಾಗಿ ಹೋದರು ಅಂತ. "ಹಾರ್ಟ್ ಅಟ್ಯಾಕ್," ಅಂದ ಮಾಂತು. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಅಲ್ಲಿಂದ ಎರಡು ವರ್ಷ ಮಾಂತುನ ಎದೆಗೆ ತಂತಿ ಹಚ್ಚಿದ್ದೇ ಹಚ್ಚಿದ್ದು. ಪ್ರತಿ ಸಲವೂ ರಿಪೋರ್ಟು ಸರಿಯಾಗಿಯೇ ಬರುತ್ತಿತ್ತು, ಗುಳಿಗೆ ಮಾತ್ರ ನಿಲ್ಲಲಿಲ್ಲ. ಪಾರವ್ವ ಪ್ರತಿ ಸಲವೂ ಮಗನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಒಮ್ಮೆಯೂ ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅನ್ನುವುದನ್ನೇ ಈಗ ಹೇಳಬೇಕು.

ಈ ಜೂನ್ ತಿಂಗಳ ಒಂದು ಶನಿವಾರ. ಮಾಂತು ಇನ್ನೂ ಬಂದಿರಲಿಲ್ಲ. ಹಡಪಸರದಿಂದ ಅಂಬಾ ಬಂದಿದ್ದಳು. ಅಂಬಾ ಅಂದರೆ ಪಾರವ್ವನ ವಾರಗಿತ್ತಿ, ರಾಮಲಿಂಗಪ್ಪನ ತಮ್ಮ ಭೀಮಣ್ಣನ ಹೆಂಡತಿ. ಭೀಮಣ್ಣನೂ ಅದೇ ಏಪ್ರಿಲ್‌ನಲ್ಲಿ, ಅಣ್ಣ ಹೋದ ಹನ್ನೆರಡನೇ ದಿನಕ್ಕೆ, ಆಸ್ಪತ್ರೆಯ ಪಡಸಾಲೆಯಲ್ಲಿ ಆಕ್ಸಿಜನ್‌ಗೆ ಕಾಯುತ್ತ ಹೋದ. ಅವನ ಚೀಟಿಯಲ್ಲಿ ಕರೋನಾ ಅಂತಲೇ ಇದೆ. ತರಕಾರಿ ಮಾರ್ಕೆಟ್ಟಿನಲ್ಲಿ ಹತ್ತಿಸಿಕೊಂಡು ಬಂದ ಅಂತ ಬಳಗವೆಲ್ಲ ತಿಳಿದಿದೆ. ಅಂದಿನಿಂದ ಈ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಆಸರೆ. ತಿಂಗಳಿಗೊಮ್ಮೆ ಅಂಬಾ ಸ್ಟೀಲಿನ ಡಬ್ಬಿ ತುಂಬ ಶೇಂಗಾ ಚಟ್ನಿ ತರುತ್ತಾಳೆ. ಹೋಗುವಾಗ ಪಾರವ್ವ ಆ ಡಬ್ಬಿಗೆ ಏನಾದರೂ ಹಾಕಿಕೊಡುತ್ತಾಳೆ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಸರಿ, ಖಾಲಿ ಡಬ್ಬಿ ತಿರುಗಿ ಕೊಡುವ ಪದ್ಧತಿ ಅವರಲ್ಲಿ ಇಲ್ಲ.

ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫಾರ್ಮು. ಹೆಸರು ಸಿಂಧು, ಮೈಸೂರು ಕಡೆಯವಳು, ಪುಣೆಯ ಒಂದು ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಈ ಮನೆಯವರಿಗೆ ಮರಾಠಿ ಬರುವುದಿಲ್ಲ ಅಂತ ಹಿಂದಿನ ಸಲ ಬಂದವರು ಬರೆದುಕೊಂಡು ಹೋಗಿದ್ದರಿಂದ ಕನ್ನಡದವಳನ್ನೇ ಕಳಿಸಿದ್ದರು. ಪಾರವ್ವನಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಸರ್ವೆಯವರು ಬಂದಾಗ ಮಾತ್ರ ಬರುವುದಿಲ್ಲ.

"ನಮಸ್ಕಾರ ಅಮ್ಮ. ಕೋವಿಡ್ ಮೂರು ಅಲೆ ಬಂತಲ್ಲ, ಅದು ಜನರ ಬಾಡಿ ಮೇಲೆ ಏನೇನು ಎಫೆಕ್ಟ್ ಬಿಟ್ಟು ಹೋಗಿದೆ ಅಂತ ಸ್ಟಡಿ ಮಾಡ್ತಿದೀವಿ. ಹತ್ತೇ ನಿಮಿಷ ಸಾಕು," ಅಂದಳು ಸಿಂಧು.

"ಹ್ವಾದ ಮಾರೀನ ಮತ್ಯಾಕ ಹೊಳ್ಳಿ ಕರೀತೀರವ್ವಾ?"

"ಎಲ್ಲರಿಗೂ ಪೂರ್ತಿ ಹೋಗಿಲ್ಲ ಅಮ್ಮ. ಕೆಲವರಿಗೆ ಒಂದ್ಸಲ ಬಂತು, ಕೆಲವರಿಗೆ ಎರಡು ಸಲ, ಮೂರು ಸಲ. ಮೊದಲನೇ ಸಲದ ಡ್ಯಾಮೇಜ್ ಉಳಿದಿರುವಾಗಲೇ ಎರಡನೇದು ಬಂದ್ರೆ ಏನಾಗತ್ತೆ? ಮೂರನೇದು ಬರೀ ನೆಗಡಿ ಅಂದ್ಕೊಂಡ್ವಲ್ಲ, ಅದು ನಿಜವಾಗ್ಲೂ ಬರೀ ನೆಗಡೀನಾ? ಆಸ್ಪತ್ರೆಗೆ ಹೋಗದೇ ಇದ್ದವರು ಯಾವ ಲೆಕ್ಕದಲ್ಲೂ ಇಲ್ಲ. ಅದಕ್ಕೇ ಮನೆಮನೆಗೆ ಬಂದು ಕೇಳ್ತಿರೋದು."

"ಕೇಳಲಿ ಬಿಡಕ್ಕಾ, ಬಿಸಲಾಗ ಬಂದಾಳ," ಅಂದಳು ಅಂಬಾ. ಪಾರವ್ವ ಚಾಪೆ ಹಾಸಿ ನೀರು ಕೊಟ್ಟಳು.

ಫಾರ್ಮಿನಲ್ಲಿ ಮೂರು ಅಲೆಗೆ ಮೂರು ಚೌಕ ಮನೆ ಕೊರೆದಿತ್ತು. ಸಿಂಧು ಪೆನ್ನು ತೆಗೆದಳು. "ಮೊದಲನೇ ಅಲೇಲಿ ಮನೇಲಿ ಯಾರಾದ್ರೂ ಹುಷಾರ್ ತಪ್ಪಿದ್ರಾ?"

ಇಲ್ಲೇ ಗಾಡಿ ಹಳಿ ತಪ್ಪಿದ್ದು. ಮೈಸೂರಿನಲ್ಲಿ ಹುಷಾರಿಲ್ಲ ಅಂದರೆ ಮೈಗೆ ಚೆನ್ನಾಗಿಲ್ಲ ಅಂತ ಅರ್ಥ. ಇಂಡಿ ತಾಲೂಕಿನ ಪಾರವ್ವನಿಗೆ ಹುಷಾರ್ ಅಂದರೆ ಜಾಣತನ. ಮೊನ್ನೆ ಹುಟ್ಟಿದ ಹುಡುಗಿ ಮನೆಗೆ ಬಂದು ಬುದ್ಧಿವಂತಿಕೆ ಅಳೆಯುತ್ತಾಳಲ್ಲ ಅಂತ ಅವಳ ಮುಖ ಬಿಗಿಯಿತು.

"ನಮ್ಮ ಮನ್ಯಾಗ ಹುಷಾರ್ ತಪ್ಪಿದವ್ರು ಯಾರೂ ಇಲ್ಲ. ನಮ್ಮ ಮನಿಯವ್ರಂತೂ ಭಾಳ ಹುಷಾರ್ ಇದ್ರು. ಮ್ಯಾಟ್ರಿಕ್‌ನ್ಯಾಗ ಫಸ್ಟ್ ಕ್ಲಾಸ್!"

ಸಿಂಧು ಸ್ವಲ್ಪ ತಬ್ಬಿಬ್ಬಾಗಿ ಮೊದಲ ಮನೆಯಲ್ಲಿ ಸೊನ್ನೆ ಬರೆದಳು. "ಎರಡನೇ ಅಲೆ?"

"ಹೋಗೂತನಕಾ ಹುಷಾರೇ ಇದ್ರು."

ಇನ್ನೊಂದು ಸೊನ್ನೆ. "ಮೂರನೇದರಲ್ಲಿ?"

"ನನ್ನ ಮಗನೂ ಹುಷಾರ್ ಅದಾನ. ಐಟಿಐ ಮಾಡ್ಯಾನ."

ಅಂಬಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೇಬಿಟ್ಟಳು. ಅವಳು ಹಡಪಸರದಲ್ಲಿ ಬೆಂಗಳೂರು ಕಡೆಯ ಐಟಿ ಹುಡುಗರಿಗೆ ಊಟದ ಡಬ್ಬಿ ಕಟ್ಟುತ್ತಾಳೆ, ಅವರ ಮಾತು ಅವಳಿಗೆ ಗೊತ್ತು. "ಅಕ್ಕಾ, ಅಕಿ ಶಾಣ್ಯಾತನ ಕೇಳಾಕತ್ತಿಲ್ಲ. ಮೈಯಾಗ ಆರಾಮ್ ಇದ್ದಿಲ್ಲೇನು ಅಂತ ಕೇಳಾಕತ್ತಾಳ!"

ಮೂವರೂ ನಕ್ಕರು. ಸಿಂಧುಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಇಬ್ಬರು ವಾರಗಿತ್ತಿಯರು ಹೀಗೆ ಕೂಡಿ ನಕ್ಕು ನಾಲ್ಕು ವರ್ಷವಾಗಿತ್ತು.

"ಸರಿ, ನಿಮ್ಮ ಮಾತಲ್ಲೇ ಕೇಳ್ತೀನಿ," ಅಂದಳು ಸಿಂಧು. "ಎರಡನೇ ಅಲೇಲಿ ಎಲ್ಲರೂ ಆರಾಮಾಗಿದ್ರಾ?"

ಪಾರವ್ವನ ನಗು ನಿಂತಿತು. ಎದುರಿಗೆ ಅಂಬಾ ಕೂತಿದ್ದಳು, ಇನ್ನೂ ನಗುತ್ತ, ಚಟ್ನಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು.

"ಎಲ್ಲಾರೂ ಆರಾಮ್ ಇದ್ವಿ," ಅಂದಳು ಪಾರವ್ವ.

"ಮತ್ತೆ ನಿಮ್ಮ ಯಜಮಾನ್ರು?"

"ಅವರದು ಹಾರ್ಟ್ ಅಟ್ಯಾಕ್."

ಸಿಂಧು ಸಣ್ಣ ದನಿಯಲ್ಲಿ ಸಾರಿ ಅಂದಳು. ಮೂರು ಸೊನ್ನೆ ಹಾಗೇ ಉಳಿದವು. ಮೊದಲ ಸಲ ಮಾತು ತಿಳಿಯದೆ ಬರೆಸಿದ್ದು, ಈಗ ತಿಳಿದೂ ತಿಳಿದೂ ಬರೆಸಿದ್ದು. ಜ್ವರದಲ್ಲಿ ಗಡಗಡ ನಡುಗುತ್ತಿದ್ದರೂ ಬಂದವರು ಕೇಳಿದರೆ "ಆರಾಮ್ ಅದೀವ್ರಿ" ಅನ್ನುವ ಜನ ನಾವು. ಆ ಮಾತು ನಮ್ಮ ಬಾಯಲ್ಲಿ ತಯಾರಾಗಿಯೇ ಇರುತ್ತದೆ.

ಸಿಂಧು ಹೊರಟಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯಿತು. ಎರಡನೇ ಮಜಲಿಗೆ ಹೋಗಿ ನಿಂತುಬಿಟ್ಟಿತು. ಮಾಂತು ಬಂದು ಅಲ್ಲಿ ಕೂತಿದ್ದಾನೆ. ನಗುವಿನ ಗದ್ದಲದಲ್ಲಿ ಬೂಟಿನ ಸದ್ದು ಅವಳಿಗೆ ಕೇಳಿಸಿರಲಿಲ್ಲ. ಬಹಳ ಹೊತ್ತಿನ ಮೇಲೆ ಎರಡು ಜೊತೆ ಕಾಲಿನ ಸದ್ದು ನಿಧಾನ ಮೇಲೆ ಬಂತು. ಮಾಂತುನ ಚೀಲ ಸಿಂಧುವಿನ ಹೆಗಲ ಮೇಲಿತ್ತು. ಅವನ ಬೆರಳಿಗೆ ಅವಳು ಒಂದು ಚಿಮಟಿಯಂಥ ಯಂತ್ರ ಸಿಕ್ಕಿಸಿದ್ದಳು.

"ಮೆಟ್ಟಿಲ ಮೇಲೆ ಆಕ್ಸಿಜನ್ ಎಂಬತ್ತೊಂಬತ್ತಿತ್ತು, ತೊಂಬತ್ತೈದರ ಮೇಲಿರಬೇಕು," ಅಂದಳು ಸಿಂಧು. ಅವಳ ಮುಖದಲ್ಲಿ ಈಗ ನಗು ಇರಲಿಲ್ಲ. "ಕೂತ್ರೆ ಏರತ್ತೆ, ಹತ್ತಿದ್ರೆ ಇಳಿಯತ್ತೆ. ಎಷ್ಟು ದಿನದಿಂದ ಹೀಗೆ?"

"ಎರಡ ಮೂರ ವರ್ಷ ಆತ್ರಿ," ಅಂದ ಮಾಂತು, ಮಾತಿನ ನಡುವೆ ಉಸಿರು ಎಳೆಯುತ್ತ. "ಹಾರ್ಟ್ ಪ್ರಾಬ್ಲೆಮ್. ಅಪ್ಪಂದು ಬಂದದ. ಅವರೂ ಹಿಂಗೇ ಹ್ವಾದ್ರು. ನನಗೂ ಗೊತ್ತದ."

"ಹಾರ್ಟ್ ರಿಪೋರ್ಟ್ ಏನು ಹೇಳತ್ತೆ?"

"ನಾರ್ಮಲ್ ಅಂತಾರ."

"ಲಂಗ್ಸ್ ನೋಡಿದ್ರಾ? ಸ್ಕ್ಯಾನ್?"

"ಇಲ್ರಿ. ಅಪ್ಪಂದು ಹಾರ್ಟ್ ಅಲ್ಲೇನ್ರಿ, ಅದಕ್ಕ ಅದನ್ನೇ ನೋಡ್ತಾರ."

ಸಿಂಧು ಚಾಪೆಯ ಮೇಲೆ ಕೂತಳು. "ನಿಮಗೆ ಕೋವಿಡ್ ಬಂದಿತ್ತಾ ಮಾಂತು?"

"ಮೂರನೇ ಅಲ್ಯಾಗ ನೆಗಡಿ ಆಗಿತ್ತು. ಡ್ಯೂಟಿಗೆ ಹ್ವಾದೆ. ಅದಕ್ಕೂ ಮದಲ, ಅಪ್ಪ ಹೋಗೂ ವಾರದಾಗ, ಎಂಟ ದಿನ ಜ್ವರ ಇತ್ತು. ಕೆಮ್ಮೂ ಇತ್ತು. ಬಿಸಲಿನ ಜ್ವರ ಅಂದಿದ್ಲು ಅವ್ವ."

"ಕಾರ್ಖಾನೇಲಿ ಏನು ಕೆಲಸ?"

"ಡ್ರಮ್ಮಿಗೆ ಕೆಮಿಕಲ್ ತುಂಬೂದು. ಮೂಗಿಗೆ ಮಾಸ್ಕ್ ಇರತದ, ಆದ್ರೂ ಘಾಟು ಒಳಗ ಹೊಕ್ಕೇ ಹೊಗತದ. ಕೆಲಸಕ್ಕ ಸೇರೂ ಮುಂದ ಫಾರ್ಮ್‌ನ್ಯಾಗ ಕೇಳಿದ್ರು, ನಿಮಗ, ಮನ್ಯಾಗ ಯಾರಿಗರ ಕರೋನಾ ಆಗಿತ್ತೇನು ಅಂತ. ಇಲ್ಲ ಅಂತ ಬರದೆ."

"ನಾನು ಡಾಕ್ಟರ್ ಅಲ್ಲ," ಅಂದಳು ಸಿಂಧು. "ಆದ್ರೆ ಒಂದು ಮಾತು ಹೇಳ್ತೀನಿ. ಲಂಗ್ಸಿಗೆ ಮೊದಲೇ ಪೆಟ್ಟು ಬಿದ್ದಿದ್ರೆ, ಆ ಘಾಟು ಅದರ ಮೇಲೆ ಮತ್ತೆ ಪೆಟ್ಟು. ಎದೆ ಡಾಕ್ಟರಿಗೆ ತೋರಿಸದೇ ಸೋಮವಾರ ಅಲ್ಲಿಗೆ ಹೋಗಬೇಡಿ."

"ಸೋಮವಾರ ಹೋಗಬೇಕ್ರಿ," ಅಂದ ಮಾಂತು ತಲೆ ತಗ್ಗಿಸಿ. "ಹೆಂಗೂ ಹಾರ್ಟ್ ಅದ. ಎಷ್ಟ ದಿನ ಅದೀನೋ ಅಷ್ಟ ದಿನ ದುಡೀತೀನಿ."

ಇಪ್ಪತ್ತೆಂಟು ವರ್ಷದ ಮಗನ ಬಾಯಿಂದ ಆ ಮಾತು ಕೇಳಿ ಪಾರವ್ವ ಅವನನ್ನು ನೋಡಿದಳು, ಆಮೇಲೆ ಅಂಬಾಳನ್ನು. ಸಿಂಧು ಅವಳ ಮುಖ ನೋಡಿದಳು, ಏನೋ ಅರ್ಥವಾದವಳಂತೆ ಮೆಲ್ಲಗೆ ಅಂದಳು: "ಅಮ್ಮ, ಬೇಕಾದ್ರೆ ಒಳಗೆ ಹೋಗಿ ನಾವಿಬ್ಬರೇ ಮಾತಾಡೋಣ. ನೀವು ಹೇಳಿದ್ದು ಯಾರಿಗೂ ಹೋಗಲ್ಲ. ನಮ್ಮ ಲೆಕ್ಕದಲ್ಲಿ ಹೆಸರು ಇರಲ್ಲ, ಬರೀ ನಂಬರ್."

"ಬ್ಯಾಡ," ಅಂದಳು ಪಾರವ್ವ. "ಇಲ್ಲೇ ಹೇಳತೀನಿ. ಇವರಿಬ್ಬರೂ ಕೇಳಬೇಕು." ಅಂಬಾಳ ಕಡೆ ನೋಡದೆ, ನೆಲ ನೋಡುತ್ತ ಅಂದಳು: "ಅವರದು ಹಾರ್ಟ್ ಅಟ್ಯಾಕ್ ಅಲ್ಲ."

ಪಾರವ್ವನನ್ನು ಕೆಟ್ಟವಳು ಅಂತ ತಿಳಿಯಬೇಡಿ. ಆ ಏಪ್ರಿಲ್ ನೆನಪಿಸಿಕೊಳ್ಳಿ. ಹಗಲೂ ರಾತ್ರಿ ಆಂಬುಲೆನ್ಸಿನ ಕೂಗು. ಕರೋನಾ ಅಂತ ಬರೆದರೆ ಹೆಣ ಮನೆಗೆ ಬರುವುದಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕರೆಂಟಿನ ಒಲೆಗೆ ಹಾಕುತ್ತಾರೆ ಅಂತ ಓಣಿಯಲ್ಲೆಲ್ಲ ಮಾತು. ಇವರು ಲಿಂಗವಂತರು. ಹೋದವರನ್ನು ಸುಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು, ಕೂಡಿಸಿ ಮಣ್ಣು ಕೊಡುತ್ತಾರೆ. ರಾಮಲಿಂಗಪ್ಪ ಒಂಬತ್ತು ದಿನ ಕೆಮ್ಮಿ, ಹತ್ತನೇ ದಿನ ಬೆಳಿಗ್ಗೆ ಮನೆಯಲ್ಲೇ ಉಸಿರು ಬಿಟ್ಟ. ಹೋಗುವ ಮುಂಚೆ ಅವನು ಕೇಳಿದ್ದು ಒಂದೇ ಮಾತು.

"ನನ್ನ ಸುಡಸಬ್ಯಾಡ ಪಾರವ್ವಾ ಅಂದ್ರು," ಅಂದಳು ಪಾರವ್ವ. "ಚೀಟಿ ಕೊಡಾಕ ಬಂದ ಡಾಕ್ಟರು ಹೊಸ್ತಿಲ ದಾಟಲಿಲ್ಲ. ಏನಾತು ಅಂತ ಕೇಳಿದ್ರು. ಎದಿ ಹಿಡಕೊಂಡು ಬಿದ್ರು ಅಂದೆ. ಬರದು ಕೊಟ್ರು. ಜ್ವರ ಹೇಳಲಿಲ್ಲ, ಕೆಮ್ಮು ಹೇಳಲಿಲ್ಲ, ದಮ್ಮು ಹೇಳಲಿಲ್ಲ. ಮಾಂತುಗೂ ಅದೇ ಜ್ವರ ಇತ್ತು. ಅವನ್ನ ಒಯ್ದಾರು ಅಂತ ಅದನ್ನೂ ಮುಚ್ಚಿಟ್ಟೆ. ಅದರ ಹಿಂದಿನ ವರ್ಷ ಓಣಿಗೆ ತಗಡಿನ ಪತ್ರಾ ಬಡದು ಬಂದ್ ಮಾಡಿದಾಗ ನನಗ ಒಗ್ಗರಣಿ ಸೀದದ್ದೂ ವಾಸನಿ ಹತ್ತಿರಲಿಲ್ಲ. ಅದನ್ನೂ ಯಾರಿಗೂ ಹೇಳಲಿಲ್ಲ."

ಮಾಂತು ಅವ್ವನನ್ನೇ ನೋಡುತ್ತ ಕೂತ. "ಎರಡ ವರ್ಷ ನೀ ಡಾಕ್ಟರ ಮುಂದ ನನ್ನ ಬಾಜೂಕೇ ಕುಂತಿದ್ದಿ," ಅಂದ. ಮುಂದಿನ ಮಾತಿಗೆ ಅವನಲ್ಲಿ ಉಸಿರು ಇರಲಿಲ್ಲ.

ಅಂಬಾ ಚಟ್ನಿಯ ಡಬ್ಬಿಯನ್ನು ಮಡಿಲಿಂದ ಕೆಳಗಿಟ್ಟಳು. ಈಗ ಕೇಳಿದಳು: "ಅಕ್ಕಾ, ಭಾವನ ಮೈ ತೊಳದವರು ಯಾರು?"

ಉತ್ತರವನ್ನೂ ಅಂಬಾಳೇ ಹೇಳಿದಳು.

"ನಮ್ಮವರು ತೊಳದ್ರು. ಅಣ್ಣ ಅಂತ ತೆಕ್ಕಿ ಹಾಯ್ದು ಅತ್ರು. ಕುಣ್ಯಾಗ ಇಳದು ತಾವೇ ಕೂಡಿಸಿದ್ರು. ಮಾರ್ಕೆಟ್ಟಿನ್ಯಾಗ ಹತ್ತಿತು ಅಂತ ನಾ ನಾಕ ವರ್ಷ ಆ ಮಾರ್ಕೆಟ್ಟಿಗೆ ಕಾಲಿಟ್ಟಿಲ್ಲ." ಅಂಬಾಳ ದನಿ ಏರಲಿಲ್ಲ. "ಅವರು ಮಣ್ಣಿಗೆ ಬಂದಾಗ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು," ಅಂದಳು ಪಾರವ್ವ. "ನಿನಗ ತಿಳೀತದ ಅಂತಲೇ ಡಾಕ್ಟರ ಮುಂದೂ ಬಾಯಿ ಬಿಡಲಿಲ್ಲ."

ಅಂಬಾ ಎದ್ದಳು. ಡಬ್ಬಿಯ ಚಟ್ನಿಯನ್ನು ಒಂದು ತಾಟಿನಲ್ಲಿ ಸುರಿದಳು. ಪಾರವ್ವ ಗಡಬಡಿಸಿ ಸಕ್ಕರೆ ಡಬ್ಬದ ಕಡೆ ಹೋದಳು. ತಿರುಗಿ ಬರುವಷ್ಟರಲ್ಲಿ ಅಂಬಾ ಖಾಲಿ ಡಬ್ಬಿ ಎತ್ತಿಕೊಂಡು ಮೆಟ್ಟಿಲು ಇಳಿದಿದ್ದಳು. ಪಾರವ್ವ ಸಕ್ಕರೆ ಹಿಡಿದ ಮುಷ್ಟಿಯನ್ನು ಬಿಚ್ಚದೆ ಬಾಗಿಲಲ್ಲೇ ನಿಂತಳು.

ಸಿಂಧು ಫಾರ್ಮು ತೆಗೆದು ಮೂರು ಸೊನ್ನೆಗಳ ಮೇಲೆ ಗೆರೆ ಎಳೆದಳು. ಮೊದಲನೇ ಅಲೆ: ಒಬ್ಬರಿಗೆ. ಎರಡನೇ ಅಲೆ: ಇಬ್ಬರಿಗೆ, ಅದರಲ್ಲಿ ಒಂದು ಸಾವು. ಮೂರನೇ ಅಲೆ: ಒಬ್ಬರಿಗೆ.

ಸೋಮವಾರ ಮಾಂತು ಕುರಕುಂಭಕ್ಕೆ ಹೋಗಲಿಲ್ಲ. ಅವ್ವ ಮಗ ಸರಕಾರಿ ಆಸ್ಪತ್ರೆಯ ಎದೆ ವಿಭಾಗದಲ್ಲಿ ಸಾಲು ನಿಂತರು. ಅಪ್ಪ ಏನಾಗಿ ಹೋದರು ಅಂತ ಅಲ್ಲಿಯೂ ಕೇಳಿದರು. ಪಾರವ್ವನೇ ಮುಂದೆ ಬಂದು ಮರಾಠಿಯಲ್ಲಿ ಹೇಳಿದಳು, ಜ್ವರ ಹೇಳಿದಳು, ಕೆಮ್ಮು ಹೇಳಿದಳು, ಮಗನಿಗೆ ಎರಡು ಸಲ ಬಂದದ್ದು ಹೇಳಿದಳು. ಟಿಬಿ ಇರಬಹುದೇ ಅಂತ ಕಫ ಪರೀಕ್ಷೆ ಮಾಡಿದರು, ಇರಲಿಲ್ಲ. ಸ್ಕ್ಯಾನ್ ಮಾಡಿದರು. ಎರಡೂ ಶ್ವಾಸಕೋಶದ ಕೆಳಭಾಗ ಕಲೆಗಟ್ಟಿ ಬಿರುಸಾಗಿತ್ತು. ಹೃದಯ ಗಟ್ಟಿಯಾಗಿಯೇ ಇತ್ತು.

"ಕಲೆ ಬಿದ್ದದ್ದು ಅಳಿಸುವುದಿಲ್ಲ," ಅಂದರು ಡಾಕ್ಟರು. "ಇನ್ನೂ ಹೆಚ್ಚಾಗದ ಹಾಗೆ ನೋಡಬಹುದು. ಮೊದಲೇ ಗೊತ್ತಾಗಿದ್ದರೆ ಆ ಘಾಟಿನ ಕೆಲಸಕ್ಕೆ ನಾನು ಬಿಡುತ್ತಲೇ ಇರಲಿಲ್ಲ."

ಮೊದಲೇ ಅಂದರೆ ಎಷ್ಟು ಮೊದಲೇ ಅಂತ ಪಾರವ್ವ ಕೇಳಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ಡಾಕ್ಟರ ಚೀಟಿ ನೋಡಿ ಕಾರ್ಖಾನೆಯವರು ಮಾಂತುನನ್ನು ಡ್ರಮ್ಮಿನ ಕೆಲಸದಿಂದ ತೆಗೆದು ಗೇಟಿನ ಆಫೀಸಿಗೆ ಹಾಕಿದ್ದಾರೆ. ಶನಿವಾರ ಈಗಲೂ ಬೂಟಿನ ಸದ್ದು ಎರಡನೇ ಮಜಲಿಗೆ ನಿಲ್ಲುತ್ತದೆ. ಆದರೆ ಪಾರವ್ವ ಈಗ ಒಲೆ ಆರಿಸಿ ಕೆಳಗೆ ಇಳಿದು ಮಗನ ಪಕ್ಕದಲ್ಲಿ ಕೂರುತ್ತಾಳೆ. ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಮೂಗಿನಿಂದ ಎಳೆದು, ತುಟಿ ಸಣ್ಣಗೆ ಮಾಡಿ ನಿಧಾನ ಬಿಡು ಅಂತ ಎಣಿಸುತ್ತಾಳೆ. ಅಂಬಾ ಇವತ್ತಿಗೂ ಬಂದಿಲ್ಲ. ವಾರಕ್ಕೊಮ್ಮೆ ಮಾಂತುಗೆ ಫೋನ್ ಮಾಡಿ ಅವನ ಉಸಿರು ಹೇಗಿದೆ ಅಂತ ಮಾತ್ರ ಕೇಳುತ್ತಾಳೆ. ಅವ್ವನ ಕೈಗೆ ಫೋನ್ ಕೊಡಲೇ ಅಂದರೆ ಇಟ್ಟುಬಿಡುತ್ತಾಳೆ.

ಆರು ತಿಂಗಳಿಗೆ ಸಿಂಧು ಮತ್ತೆ ಫಾರ್ಮು ಹಿಡಿದು ಬಂದಳು. ಈ ಸಲ ಹುಷಾರು ಅನ್ನಲಿಲ್ಲ. "ಆರಾಮ್ ಅದೀರೇನ್ರಿ ಅಮ್ಮ?" ಅಂತ ಕಲಿತ ಮಾತನ್ನೇ ಕೇಳಿದಳು.

"ಇಲ್ಲವ್ವಾ," ಅಂದಳು ಪಾರವ್ವ. "ಆರಾಮ್ ಇಲ್ಲ. ಕುಂದರು, ಹೇಳತೀನಿ. ಬರ್ಕೋ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮಡಚಿ ಇಡುವ ಮೊದಲು ನಿಮ್ಮ ಮನೆಯ ಆ ಮೂರು ಅಲೆಗಳನ್ನು ಒಮ್ಮೆ ನೆನೆಯಿರಿ. ಯಾರಿಗೆ ಜ್ವರ ಬಂದಿತ್ತು, ಎಷ್ಟು ಸಲ ಬಂದಿತ್ತು? ಪರೀಕ್ಷೆ ಮಾಡಿಸದೆ ಬಿಸಿಲು, ನೆಗಡಿ ಅಂತ ದಾಟಿಸಿದ್ದು ಎಷ್ಟು? ಆಮೇಲೆ ಯಾರಿಗಾದರೂ ಮೆಟ್ಟಿಲು ಹತ್ತಿದರೆ ದಮ್ಮು, ಸುಮ್ಮನೆ ಎದೆ ಹೊಡೆದುಕೊಳ್ಳುವುದು, ಹೋಗದ ಆಯಾಸ, ಮರೆವು ಉಳಿದಿದ್ದರೆ ವಯಸ್ಸಾಯಿತು, ಟೆನ್ಶನ್ ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ತೋರಿಸುವಾಗ ಆ ದಿನಗಳ ಮಾತು ಒಂದೂ ಮುಚ್ಚಿಡಬೇಡಿ. ಘಾಟು ಧೂಳಿನ ಕೆಲಸ ಮಾಡುವವರು ಕಾರ್ಖಾನೆಯ ಡಾಕ್ಟರಿಗೂ ಹೇಳಿ. ಸಂಶೋಧನೆಯವರು ಬಾಗಿಲಿಗೆ ಬಂದರೆ ಗುರುತಿನ ಚೀಟಿ ಕೇಳಿ ನೋಡಿ. ಹೇಳಲು ಮನಸ್ಸಿಲ್ಲದಿದ್ದರೆ ಹೇಳುವುದಿಲ್ಲ ಅನ್ನಿ, ಅದು ನಿಮ್ಮ ಹಕ್ಕು. ಆದರೆ ಸುಳ್ಳು ಸೊನ್ನೆ ಬರೆಸಬೇಡಿ. ನಿಮ್ಮ ಮನೆಯ ನಿಜ ಸೇರಿದರೇ ನಾಳೆ ಇನ್ನೊಂದು ಮನೆಯ ರೋಗ ಡಾಕ್ಟರ ಕಣ್ಣಿಗೆ ಬೀಳುವುದು.

ಹೋದವರಿಗೆ ಕೊಟ್ಟ ಮಾತು ಉಳಿಸಲು ಪಾರವ್ವ ಸುಳ್ಳು ಹೇಳಿದಳು. ಅದಕ್ಕೆ ಇದ್ದವರು ಇಬ್ಬರು ಬೆಲೆ ತೆತ್ತರು. ಭೀಮಣ್ಣ ಜೀವ ಕಳೆದುಕೊಂಡ, ಮಾಂತು ಎರಡನೇ ಮಜಲಿಯಲ್ಲಿ ಕೂತಿದ್ದಾನೆ. ಅವಳು ನಾಲ್ಕು ವರ್ಷ ತಡಮಾಡಿದಳು. ನೀವು ಇವತ್ತೇ ಹೇಳಿ.